ಕರಿ ತಂತಿ ಕದ್ದವರು ಯಾರು?

ಗಿಟಾರು ಇತ್ತು. ತಂತಿಗಳು ಇರಲಿಲ್ಲ.

ಗಂಜಾಮಿನ ಅಕ್ಕಸಾಲಿ ವೆಂಕಟೇಶಾಚಾರ್ ಅವರ ನಡುಮನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಆ ಬೇಸ್ ಗಿಟಾರನ್ನು ಕಂಡಾಗ ನನಗೆ ನೆನಪಾದದ್ದು ಹಲ್ಲುಸೆಟ್ಟು ತೆಗೆದಿಟ್ಟು ಮಲಗಿದ ನಮ್ಮ ತಾತ. ಮೈಯೆಲ್ಲ ನೆಟ್ಟಗಿದೆ, ಬಾಯಿ ಮಾತ್ರ ಬೋಳು. ಗಿಟಾರಿನ ಒಡತಿ ಹರ್ಷಿತ ಎದುರಿಗೇ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮುಡಿಯಲ್ಲಿ ನಿಮಿಷಾಂಬ ಗುಡಿಯ ಹೂವು, ಕಣ್ಣಲ್ಲಿ ನೀರು.

"ಲೋಕೇಶಣ್ಣ, ಅಮ್ಮನ ಜೊತೆ ದೇವಸ್ಥಾನಕ್ಕೆ ಹೋಗೋವಾಗ ನಾಲ್ಕೂ ಇದ್ವು. ಬಂದು ನೋಡಿದ್ರೆ ಒಂದೂ ಇಲ್ಲ."

"ಹಿತ್ತಲ ಬಾಗ್ಲು?"

"ಒಳಗಿಂದ ಚಿಲ್ಕ."

"ಕಿಟಕಿ?"

"ಹಾಕಿತ್ತು."

ನನ್ನ ಪಕ್ಕದಲ್ಲಿ ನಿಂತಿದ್ದ ನಮ್ಮ ದೊಡ್ಡಮ್ಮ ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅದು ಅವರು ಕೆಲಸಕ್ಕೆ ಕೂತರು ಎನ್ನುವುದರ ಗುರುತು.

ನಾನು ಪಾಲಹಳ್ಳಿಯವನು. ಬೆಳಿಗ್ಗೆ ಡೈರಿಗೆ ಹಾಲು ಹಾಕುತ್ತೇನೆ, ಸಂಜೆ 'ಶ್ರೀರಂಗ ಮೆಲೋಡೀಸ್' ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತೇನೆ. ಎರಡರಲ್ಲೂ ಹದ ತಪ್ಪಿದರೆ ಬೈಗುಳ ಒಂದೇ ಥರ. ಹರ್ಷಿತ ಅದೇ ತಂಡದಲ್ಲಿ ಬೇಸ್ ನುಡಿಸುವವಳು. ನಮ್ಮ ದೊಡ್ಡಮ್ಮ ಅಣ್ಣಮ್ಮ ಪಾಂಡವಪುರದಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಪ್ರಶ್ನೆ ಕೇಳುವ ಚಾಳಿ ಬಿಟ್ಟಿಲ್ಲ. ನಮ್ಮೂರಲ್ಲಿ ಯಾರ ಮನೆ ಕೋಳಿ ಕಾಣೆಯಾದರೂ ಮೊದಲು ದೊಡ್ಡಮ್ಮನ ಜಗುಲಿ, ಸ್ಟೇಷನ್ನು ಆಮೇಲೆ. ಹರ್ಷಿತ ಅಳುತ್ತಾ ಫೋನು ಮಾಡಿದಾಗ ಅವರು ಹಸುವಿಗೆ ಬೂಸಾ ಕಲಸುತ್ತಿದ್ದರು. ಕೈ ತೊಳೆದುಕೊಂಡು ಬೈಕು ಹತ್ತಿಯೇಬಿಟ್ಟರು.

ತಂತಿ ಹೋದರೆ ಬೇರೆ ಹಾಕಿಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ಕಷ್ಟ.

ಹರ್ಷಿತಳ ಚರ್ಮಕ್ಕೆ ನಿಕ್ಕಲ್ ಎನ್ನುವ ಲೋಹ ಆಗುವುದಿಲ್ಲ. ಸಂತೆಯ ಓಲೆ ಹಾಕಿದರೆ ಕಿವಿ ಸೋರುತ್ತದೆ. ಜೀನ್ಸಿನ ಗುಂಡಿ ತಗುಲಿದ ಜಾಗ ಕೆಂಪಗೆ ಉಬ್ಬುತ್ತದೆ. ಮಂಡ್ಯದ ಚರ್ಮದ ಡಾಕ್ಟರು ಅಲರ್ಜಿ ಎಂದರು. ಅವರಪ್ಪ ಮಾತ್ರ ಅದನ್ನು ಬಿರುದಿನಂತೆ ಹೇಳಿಕೊಂಡು ತಿರುಗುತ್ತಾರೆ— "ಅಕ್ಕಸಾಲಿ ಮಗಳು ಕಣಯ್ಯ, ಡೂಪ್ಲಿಕೇಟು ಮೈಗೆ ಹಿಡಿಯಲ್ಲ." ಆದರೆ ಬೇಸ್ ಗಿಟಾರಿನ ಮಾಮೂಲಿ ತಂತಿಯ ಮೇಲೆ ಸುತ್ತಿರುವುದು ಅದೇ ನಿಕ್ಕಲ್ಲು. ಕೆ.ಆರ್. ಪೇಟೆಯ ಕಾರ್ಯಕ್ರಮದಲ್ಲಿ ಎರಡೂ ಕೈಯ ಬೆರಳು ಉರಿದು, ಪಾಪದವಳು ಹಾಡಿನ ನಡುವೆಯೇ ಗಿಟಾರು ಕೆಳಗಿಟ್ಟಳು. ನಮ್ಮ ಲೀಡರು ಮೋಹನ್ ಕುಮಾರ್ ಕೆಟ್ಟವರಲ್ಲ, ಆದರೆ ಮದುವೆ ಮನೆಯವರಿಗೆ ಉತ್ತರ ಹೇಳಬೇಕಾದವರು. "ಇನ್ನೊಂದ್ಸಲ ಹಿಂಗಾದ್ರೆ ಹೇಮಂತನ ಕೀಬೋರ್ಡಲ್ಲೇ ಬೇಸ್ ಸದ್ದು ಹಾಕ್ಕೊಂಡು ಹೋಗ್ತೀನಮ್ಮ. ಬೇಜಾರ್ ಮಾಡ್ಕಬೇಡ" ಎಂದಿದ್ದರು. ಆ ಇನ್ನೊಂದು ಸಲ ಇವತ್ತು ಸಂಜೆ. ನಾಗಮಂಗಲದಲ್ಲಿ ಆರತಕ್ಷತೆ.

ಅದಕ್ಕೇ ಹೋದ ಭಾನುವಾರ ಅವಳೂ ನಾನೂ ಮೈಸೂರಿಗೆ ಹೋಗಿ ಒಂದು ಸಂಗೀತದ ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಕೂತಿದ್ದೆವು. ಅಂಗಡಿಯವರು ಸಮಾಧಾನದ ಮನುಷ್ಯ. "ಕಣ್ಣು ಮುಚ್ಕೊಂಡು ಬೆರಳು ಎಳೀರಿ, ಕೈಗೆ ಯಾವ್ದು ಸರಿ ಅನ್ಸುತ್ತೋ ನೋಡಿ" ಎಂದು ಒಂದೊಂದೇ ತಂತಿ ಕೊಟ್ಟರು. ಮೊದಲನೆಯದು ಅರ ಉಜ್ಜಿದ ಹಾಗಿತ್ತು. ಎರಡನೆಯದು ಚಪ್ಪಟೆ ಸ್ಟೀಲು ಸುತ್ತಿದ್ದು, ಜಾರುತ್ತಿತ್ತು. ಆದರೆ ಸ್ಟೀಲಲ್ಲೂ ಸ್ವಲ್ಪ ನಿಕ್ಕಲ್ ಇರುತ್ತದೆ, ಕೆಲವರು ತಡೆಯುತ್ತಾರೆ ಕೆಲವರು ತಡೆಯುವುದಿಲ್ಲ ಎಂದು ಅವರೇ ಹೇಳಿದರು. ಮೂರನೆಯದು ಕರಿ ತಂತಿ. ಒಳಗೆ ಲೋಹ, ಹೊರಗೆ ಪೂರ್ತಿ ನೈಲಾನ್ ಪಟ್ಟಿ. ಹರ್ಷಿತ ಅದರ ಮೇಲೆ ಬೆರಳು ಎಳೆದವಳು ಕಣ್ಣು ಬಿಡಲೇ ಇಲ್ಲ. "ಅಣ್ಣ, ಹುಣಸೆಬೀಜ ಮುಟ್ಟಿದ ಹಾಗಿದೆ" ಎಂದಳು. ಅದನ್ನೇ ತಂದೆವು.

ಮಗಳ ಖುಷಿ ನೋಡಿ ವೆಂಕಟೇಶಾಚಾರ್ ಅವರಿಗೂ ಹುಮ್ಮಸ್ಸು ಬಂತು. ಗಿಟಾರಿನಲ್ಲಿ ತಂತಿಗಳ ಮೇಲ್ಗಡೆ ಬಲಗೈ ಹೆಬ್ಬೆರಳು ಊರಿಕೊಳ್ಳಲು ಒಂದು ಪುಟ್ಟ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅವಳದ್ದು ಮುರಿದಿತ್ತು. ಅದರ ಜಾಗಕ್ಕೆ ಅಪ್ಪಟ ಬೆಳ್ಳಿಯಲ್ಲಿ ಒಂದು ಮಾಡಿ ತಿರುಪು ಹಾಕಿಕೊಟ್ಟರು. ಬೆಳ್ಳಿ ಅವಳಿಗೆ ಆಗುತ್ತದೆ, ಚಿಕ್ಕಂದಿನಿಂದ ಗೆಜ್ಜೆ ಹಾಕಿದವಳು.

ಇಷ್ಟೆಲ್ಲ ಆಗಿಯೂ ನಿನ್ನೆ ಪ್ರಾಕ್ಟೀಸಿನಲ್ಲಿ ಮತ್ತೆ ತುರಿಕೆ. ಇವತ್ತು ತಂತಿಯೇ ಮಾಯ.

ದೊಡ್ಡಮ್ಮ ಗಿಟಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಇದ್ನ ಬಿಚ್ಚೋದು ಎಂಗ್ಲಾ ಲೋಕೇಶ?"

"ಮೇಲ್ಗಡೆ ಈ ಕಿವಿಗಳ್ನ ತಿರುಗಿಸಿ ಸಡಿಲ ಮಾಡ್ಬೇಕು ದೊಡ್ಡಮ್ಮ. ತಾಳ್ಮೆ ಬೇಕು. ಕಳ್ರಾದ್ರೆ ಕಟಿಂಗ್ ಪ್ಲೇಯರಲ್ಲಿ ಕಚಕ್ ಅನ್ಸಿರೋರು."

"ಇಲ್ಲಿ ಕತ್ತರಿಸಿದ ಚೂರು ಒಂದೂ ಇಲ್ಲ. ಹಳೇ ತಂತಿ ಎಲ್ಲವ್ವಾ ಮಗ?"

"ಚೀಲದಲ್ಲೇ ಇವೆ ದೊಡ್ಡಮ್ಮ. ಅವನ್ನ ಮುಟ್ಟಿಲ್ಲ" ಎಂದಳು ಹರ್ಷಿತ.

"ಅಂಗಾರೆ ಕಳ್ಳಂಗೆ ಗಿಟಾರು ಬ್ಯಾಡ, ಹಳೇ ತಂತಿ ಬ್ಯಾಡ, ಹೊಸಾವೇ ಬೇಕು. ಅದೂ ಮಗು ಎತ್ಕಂಡಂಗೆ ಜ್ವಾಪಾನವಾಗಿ ಬಿಚ್ಕಂಡು."

ಅಷ್ಟರಲ್ಲಿ ಕಾಫಿ ತಂದ ತಾಯಿ ಲಲಿತಮ್ಮ ತಡೆಯಲಾರದೆ ಹೇಳಿದರು. "ನಾನು ಹೇಳ್ಲಾ ಅಣ್ಣಮ್ಮಕ್ಕ, ಯಾರು ಅಂತ? ಆ ಕೀಬೋರ್ಡು ಹೇಮಂತ. ಬೆಳಿಗ್ಗೆ ನಾವಿಲ್ದಾಗ ಬಂದಿದ್ನಂತೆ."

"ಯಾರಂದ್ರು?"

"ಇವರೇ."

ಮುಂದಿನ ಕೋಣೆಯೇ ವೆಂಕಟೇಶಾಚಾರ್ ಅವರ ಅಂಗಡಿ. ಅಲ್ಲಿಂದ ಅವರ ದನಿ ಮಾತ್ರ ಬಂತು, ಮುಖ ಬರಲಿಲ್ಲ. "ಬಂದಿದ್ದ. ಯಾವ್ದೋ ವೈರು ಬೇಕು ಅಂದ. ತಗೊಂಡು ಹೋದ. ಅಷ್ಟೇ."

"ನೀವು ಇಲ್ಲೇ ಇದ್ರಾ ಆಚಾರ್ರೆ?"

"ಇಲ್ಲೇ ಇದ್ದೆ. ಎಲ್ಲಿಗೆ ಹೋಗ್ಲಿ."

"ಇನ್ಯಾರೂ ಬರ್ನಿಲ್ವಾ?"

"ಇಲ್ಲ."

ದೊಡ್ಡಮ್ಮ ನನ್ನ ಕಡೆ ನೋಡಿದರು. "ಕರಿಲಾ ಆ ಹೇಮಂತನ್ನ."

ಹೇಮಂತ ಬಂದ. ತಲೆಗೆ ಜೆಲ್ಲು ಹಚ್ಚಿ, ಸಂಜೆಯ ಕಾರ್ಯಕ್ರಮಕ್ಕೆ ಅರ್ಧ ತಯಾರಾಗಿ ಬಂದವನು ದೊಡ್ಡಮ್ಮನನ್ನು ನೋಡಿ ಬಾಗಿಲಲ್ಲೇ ನಿಂತ.

"ಬಾರಪ್ಪ. ಕುಂತ್ಕ. ಹರ್ಷಿತ ನುಡಿಸ್ದೆ ಇದ್ರೆ ಆ ಕೆಲ್ಸ ಯಾರಿಗೆ ಬತ್ತದೆ?"

"ನಂಗೇ."

"ಖುಷಿಯಾ?"

"ಏನ್ ಖುಷಿ ಅಮ್ಮ? ಬಲಗೈಲಿ ವಯಲಿನ್ನು, ಕೊಳಲು, ವೀಣೆ ಎಲ್ಲ ನಾನೇ. ಎಡಗೈಗೆ ಬೇಸ್ ಬೇರೆ ಕಟ್ಟಿದ್ರೆ ಮೂಗು ಕೆರ್ಕೊಳಕ್ಕೆ ಒಂದು ಕೈ ಬೇಡ್ವಾ? ಸಂಬಳ ಮಾತ್ರ ಒಬ್ಬಂದೇ."

ಅಳುತ್ತಿದ್ದ ಹರ್ಷಿತ ಫಕ್ಕನೆ ನಕ್ಕುಬಿಟ್ಟಳು.

"ಬೆಳಿಗ್ಗೆ ಬಂದಾಗ ಗಿಟಾರು ನೋಡಿದ್ಯಾ?"

"ಮೇಲೆ ಟವಲ್ಲು ಹೊದಿಸಿತ್ತು. ನಾನು ಎತ್ತಿ ನೋಡ್ಲಿಲ್ಲ."

ಹರ್ಷಿತ ತಲೆ ಎತ್ತಿದಳು. "ಟವಲ್ಲಾ? ನಾನು ಹೊದಿಸಿರ್ಲಿಲ್ಲ. ನಾವು ಬಂದಾಗ ನೆಲದ ಮೇಲೆ ಬಿದ್ದಿತ್ತು."

"ಆಗ ಆಚಾರ್ರು ಎಲ್ಲಿದ್ರು?" ದೊಡ್ಡಮ್ಮ ಕೇಳಿದರು.

"ಅಂಗಡಿ ಮಣೆ ಹತ್ರ. ನಾನು ಕರೆದಿದ್ಕೆ ಬೆಚ್ಚಿಬಿದ್ರು. ಕೆಲ್ಸದಲ್ಲಿದ್ರು ಅನ್ಸುತ್ತೆ."

"ಹೂಂ." ದೊಡ್ಡಮ್ಮ ಎದ್ದರು. "ನಿಂಗೊಂದು ಪರೀಕ್ಷೆ ಕಣಪ್ಪ. ಲೋಕೇಶ, ಆ ಹಳೇ ತಂತಿ ಒಂದ ಕೊಡು. ಹೇಮಂತಾ, ಇದ್ನ ಗಿಟಾರಿಗೆ ಹಾಕಿ ಬಿಚ್ಚಪ್ಪ."

ಹೇಮಂತ ತಂತಿಯನ್ನು ಮೊದಲು ತಲೆಕೆಳಗಾಗಿ ಹಿಡಿದ. ಆಮೇಲೆ ಅದು ಸುರುಳಿ ಬಿಚ್ಚಿಕೊಂಡು ಅವನ ಜೆಲ್ಲು ಹಚ್ಚಿದ ತಲೆಗೆ ಹೊಡೆಯಿತು. ಕಿವಿ ತಿರುಗಿಸಲು ಹೋಗಿ ಉಲ್ಟಾ ತಿರುಗಿಸಿದ. ಬೆವತುಹೋದ. ಹರ್ಷಿತ ತಂತಿ ಕಿತ್ತುಕೊಂಡಳು. "ನೀನು ಕದ್ದಿಲ್ಲ ಬಿಡು. ನಿನ್ ಕೈಲಿ ಆಗಲ್ಲ."

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಮೋಹನ್ ಕುಮಾರ್. "ಲೋಕೇಶ, ಗಾಡಿ ಊಟ ಆದ್ಮೇಲೆ ಹೊರಡುತ್ತೆ. ಆ ಹುಡುಗಿ ಬರ್ತಾಳಾ ಇಲ್ವಾ, ಒಂದು ಮಾತು ಹೇಳು. ಇಲ್ಲ ಅಂದ್ರೆ ಹೇಮಂತನ್ನೇ ಇಟ್ಕೋತೀನಿ. ಇವತ್ತಿಂದ."

ಇವತ್ತಿಂದ ಎನ್ನುವುದು ಹರ್ಷಿತಳಿಗೂ ಕೇಳಿಸಿತು. ನಗು ನಿಂತುಹೋಯಿತು.

ದೊಡ್ಡಮ್ಮ ಅವಳ ಪಕ್ಕ ಕೂತರು. "ಕೈ ಕೊಡು ಮಗ. ಎರಡೂ."

ಬಲಗೈ ಹೆಬ್ಬೆರಳಿನ ಒಳಮೈ ಕೆಂಪಗೆ ಸುಲಿದಿತ್ತು. ಸಣ್ಣ ಸಣ್ಣ ಗುಳ್ಳೆ.

"ಈ ಕೈಯ ಬ್ಯಾರೆ ಬೆರಳು?"

"ಅವಕ್ಕೇನೂ ಆಗಿಲ್ಲ. ತೋರುಬೆರಳು, ನಡುಬೆರಳು, ಆ ಎರಡರಲ್ಲೇ ತಂತಿ ಮೀಟೋದು."

"ಎಡಗೈಲಿ?"

"ತಂತಿ ಒತ್ತಿ ಹಿಡಿಯೋದು. ಹಾಡು ಮುಗಿಯೋವರೆಗೂ ಬಿಡೋ ಹಾಗಿಲ್ಲ."

ದೊಡ್ಡಮ್ಮ ಎಡಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಬೆರಳು ಸವರಿ ನೋಡಿದರು. ಹಳೆಯ ಗಾಯ ಒಣಗಿ ಸಿಪ್ಪೆ ಉದುರಿ ಹೊಸ ಚರ್ಮ ಬಂದಿತ್ತು. ಆಮೇಲೆ ಗಿಟಾರಿನ ಕಡೆ ತಿರುಗಿ, ಆ ಬೆಳ್ಳಿಪಟ್ಟಿಯ ಮೇಲೆ ಹಾ ಎಂದು ಉಸಿರು ಬಿಟ್ಟು, ಸೆರಗಿನಿಂದ ಒರೆಸಿ, ಮತ್ತೆ ನೋಡಿದರು. ಪಟ್ಟಿ ಕನ್ನಡಿಯಂತೆ ಹೊಳೆಯಿತು.

"ಒಳ್ಳೇ ಕೆಲ್ಸ" ಎಂದಷ್ಟೇ ಹೇಳಿ ಎದ್ದರು. "ಆಚಾರ್ರೆ, ನನ್ ವಾಲೆ ತಿರುಪು ಸಡಿಲಾಗದೆ. ಒಂಚೂರು ನೋಡ್ತೀರಾ?"

ವಾಲೆ ತಿರುಪು ಗಟ್ಟಿಯಾಗಿಯೇ ಇತ್ತು, ನನಗೆ ಗೊತ್ತು. ಆದರೂ ಬಾಯಿ ಬಿಡದೆ ಹಿಂದೆ ಹೋದೆ. ವೆಂಕಟೇಶಾಚಾರ್ ವಾಲೆ ತೆಗೆದುಕೊಂಡು ಚಿಮಟದಲ್ಲಿ ಹಿಡಿದರು. ಚಿಮಟ ಎರಡು ಸಲ ಜಾರಿತು. ಎಳೆಯ ಕೂಸಿನ ಮೂಗು ಚುಚ್ಚುವಾಗಲೂ ತಪ್ಪದ ಕೈ. ದೊಡ್ಡಮ್ಮ ಅವರ ಮುಖ ನೋಡಲಿಲ್ಲ. ಮಣೆಯ ಕೆಳಗಿದ್ದ ಹಿತ್ತಾಳೆ ತಟ್ಟೆ ನೋಡುತ್ತಿದ್ದರು. ಅರ ಉಜ್ಜಿದಾಗ ಉದುರುವ ಪುಡಿ, ಗುಡಿಸಿದ ಧೂಳು ಎಲ್ಲ ಸೇರುವ ತಟ್ಟೆ ಅದು.

"ಎಲ್ರೂ ಇಲ್ಲಿಗೆ ಬನ್ರಪ್ಪ" ಎಂದು ಕರೆದರು ದೊಡ್ಡಮ್ಮ. "ಕಳ್ಳ ಸಿಕ್ಕವ್ನೆ."

ನಾವೆಲ್ಲ ಅಂಗಡಿಯಲ್ಲಿ ಸೇರಿದೆವು. ಹೇಮಂತ ತನ್ನ ಹೆಸರು ಬರುವುದಿಲ್ಲ ಎಂದು ಖಾತ್ರಿಯಾಗಿದ್ದರೂ ಬಾಗಿಲ ಹತ್ತಿರವೇ ನಿಂತ.

"ಮನೆ ಒಳೀಕೆ ಬರ್ಬೇಕಾದ್ರೆ ಆಚಾರ್ರ ಕಣ್ ಮುಂದೇನೆ ಬರ್ಬೇಕು" ಎಂದು ಶುರುಮಾಡಿದರು. "ಬಂದೋನು ಹೇಮಂತ ಒಬ್ನೇ. ಅವನ ಕೈಗುಣ ಈಗ್ತಾನೆ ನೋಡುದ್ರಿ. ಅವ್ನು ಬಂದಾಗ್ಲೇ ಗಿಟಾರಿನ ಮ್ಯಾಲೆ ಟವಲ್ಲಿತ್ತು. ಹೊದಿಸಿದ್ದು ಯಾರು? ಮಗು ಅಲ್ಲ. ಅವರಮ್ಮ ಅಲ್ಲ. ಅಂದ್ರೆ ಆಗ್ಲೇ ತಂತಿ ಹೋಗಿತ್ತು. ತಾಳ್ಮೆಯಿಂದ ತಿರುಪು ಸಡಿಲ ಮಾಡೋ ಕೈ ಈ ಮನೇಲಿ ಯಾರ್ದು?"

ಹೇಮಂತ ವೆಂಕಟೇಶಾಚಾರ್ ಕೈಯಲ್ಲಿದ್ದ ಚಿಮಟದ ಕಡೆ ನೋಡಿದ.

"ಅಕ್ಕಸಾಲಿ ಏನ್ ಬೇಕಾದ್ರೂ ಬಚ್ಚಿಡ್ತಾನೆ. ಆದ್ರೆ ಅಂಗಡಿ ಕಸ ಮಾತ್ರ ಆಚೆಗೆ ಎಸೆಯಕಿಲ್ಲ. ಅದ್ರಲ್ಲಿ ಚಿನ್ನದ ಪುಡಿ ಇರ್ತದೆ ಅಂತ. ಏನ್ ಉದುರಿದ್ರೂ ಅದೇ ತಟ್ಟೆಗೆ." ದೊಡ್ಡಮ್ಮ ತಟ್ಟೆ ಎತ್ತಿ ಬೆಳಕಿಗೆ ಹಿಡಿದರು. ಹಳದಿ ಬಿಳಿ ಪುಡಿಯ ನಡುವೆ ಕೂದಲಿನಂಥ ಕರಿ ಕರಿ ಎಳೆಗಳು. "ಇದು ಯಾವ ಚಿನ್ನ ಆಚಾರ್ರೆ?"

ವೆಂಕಟೇಶಾಚಾರ್ ಚಿಮಟ ಕೆಳಗಿಟ್ಟರು. ಮಣೆಯ ಹಿಂದಿನ ಪೆಟ್ಟಿಗೆ ತೆರೆದು, ಒಂದು ಮಸ್ಲಿನ್ ಬಟ್ಟೆಯ ಗಂಟು ತೆಗೆದು ಮಗಳ ಮುಂದೆ ಬಿಚ್ಚಿದರು. ನಾಲ್ಕು ಕರಿ ತಂತಿಗಳು. ಮೂರು ನೆಟ್ಟಗಿದ್ದವು. ದಪ್ಪನೆಯದರ ಹೊಟ್ಟೆಯಲ್ಲಿ ನೈಲಾನ್ ಸುಲಿದು ಒಳಗಿನ ಲೋಹ ಮಿನುಗುತ್ತಿತ್ತು.

"ಅಪ್ಪಾ?"

"ನಿನ್ ಬೆರಳು ಮತ್ತೆ ಕೆಂಪಾಗಿದ್ದು ನೋಡಿ ಆ ಅಂಗಡಿಯೋನು ಮೋಸ ಮಾಡಿದ್ದಾನೆ ಅನ್ಕೊಂಡೆ ಕಣಮ್ಮ. ಪದಾರ್ಥ ಅಂದ್ಮೇಲೆ ತುದೀಲಿ ನೋಡಿದ್ರೆ ಗೊತ್ತಾಗಲ್ಲ. ತುದಿಗೆ ಚಿನ್ನ ಇಟ್ಟು ನಡುವೆ ತಾಮ್ರ ತುಂಬೋರಿದ್ದಾರೆ. ಅದಕ್ಕೇ ಬಿಚ್ಚಿ ನಡುವೆ ಅರ ಹಾಕಿದೆ. ನೋಡ್ತೀನಿ, ಒಳಗೆಲ್ಲ ಲೋಹ. ನೈಲಾನು ಬರೀ ಮೇಲೆ. ಊಟ ಮಾಡ್ಕೊಂಡು ಮೈಸೂರಿಗೆ ಹೋಗಿ ಅವನ ಮುಖಕ್ಕೆ ಹಿಡಿಯೋಣ ಅಂತಿದ್ದೆ. ಅಷ್ಟರಲ್ಲಿ ನೀವು ಬಂದು ಕಳ್ಳ ಕಳ್ಳ ಅಂದ್ರಿ. ಆಮೇಲೆ ಪೊಲೀಸ್ನೋರೇ ಬಂದ್ಬಿಟ್ರು. ನಾಲಿಗೆ ಏಳ್ಲಿಲ್ಲ."

"ಒಳಗೆ ಲೋಹ ಇರ್ಲೇಬೇಕಪ್ಪ" ಎಂದಳು ಹರ್ಷಿತ. ಅಳಬೇಕೋ ನಗಬೇಕೋ ತಿಳಿಯದ ದನಿ. "ಇಲ್ದಿದ್ರೆ ಗಿಟಾರು ಸದ್ದೇ ಮಾಡಲ್ಲ. ಅಂಗಡಿಯೋರು ಮೊದ್ಲೇ ಹೇಳಿದ್ರು. ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಮತ್ತೆ ತುರಿಕೆ ಯಾಕಮ್ಮ ಬಂತು? ತಂತೀದಲ್ಲ ಅಂದ್ರೆ ಯಾತರದ್ದು?"

"ಅದೂ ನಿಮ್ದೇ ಆಚಾರ್ರೆ" ಎಂದರು ದೊಡ್ಡಮ್ಮ.

ವೆಂಕಟೇಶಾಚಾರ್ ತಂತಿಯ ಗಂಟನ್ನು ಪಕ್ಕಕ್ಕೆ ಸರಿಸಿದರು.

"ಎಲ್ರೂ ತಂತೀನ ಬೈದ್ರಿ. ಕೈ ಯಾರೂ ನೋಡ್ನಿಲ್ಲ. ತಂತಿ ತಪ್ಪಾಗಿದ್ರೆ ಎಡಗೈ ಮೊದ್ಲು ಕೆಡ್ಬೇಕು. ಹಾಡು ಪೂರ್ತಿ ತಂತಿ ಹಿಡ್ಕಂಡಿರೋದೇ ಅದು. ಎಡಗೈ ವಾಸಿಯಾಗದೆ. ಬಲಗೈಲೂ ತಂತಿ ಮೀಟೋ ಬೆರಳು ಚೆನ್ನಾಗವೆ. ಕೆಟ್ಟಿರೋದು ಹೆಬ್ಬೆರಳು ಒಂದೇ. ಆ ಹೆಬ್ಬೆರಳು ಕುಂತಿರೋದು ತಂತಿ ಮ್ಯಾಲಲ್ಲ—"

"ಪಟ್ಟಿ ಮೇಲೆ" ಎಂದೆ ನಾನು.

"ಅದು ಅಪ್ಪಟ ಬೆಳ್ಳಿ" ಎಂದು ವೆಂಕಟೇಶಾಚಾರ್ ಎದ್ದೇನಿಂತರು. ಅವರ ದನಿಗೆ ಜೀವ ಬಂದದ್ದು ಆಗಲೇ. "ನನ್ ಕೈಯ್ಯಾರೆ ಕರಗಿಸಿದ್ದು. ಒರೆಗೆ ಹಚ್ಚಿ ನೋಡಿ ಬೇಕಾದ್ರೆ."

"ಬೆಳ್ಳೀನೇ. ಇಲ್ಲ ಅನ್ನಕಿಲ್ಲ. ಆದ್ರೆ ನಮ್ಮನೇ ಬೆಳ್ಳಿ ಕುಂಕುಮದ ಬಟ್ಲು ನಾಕು ದಿನ ಬುಟ್ರೆ ಮಂಕಾಯ್ತದೆ. ಈ ಪಟ್ಟಿ ಮ್ಯಾಲೆ ದಿನಾ ಬೆವರು ಕೈ ಕುಂತದೆ. ಒಂಚೂರೂ ಮಾಸಿಲ್ವಲ್ಲ? ಮ್ಯಾಲೆ ಏನ್ ಕೊಡ್ಸಿದ್ರಿ?"

"ಪಾಲಿಶು. ಮೈಸೂರಲ್ಲಿ. ಹೊಳಪಿಲ್ದೆ ಕೊಟ್ರೆ ಅಕ್ಕಸಾಲಿಗೆ ಮರ್ಯಾದೇನಾ?"

"ಆ ಪಾಲಿಶ್ನೋರಿಗೆ ಒಂದ್ ಫೋನ್ ಮಾಡಿ. ಸ್ಪೀಕರ್ ಹಾಕಿ."

ಪಟ್ಟಿ ಒಂಚೂರೂ ಮಾಸಿಲ್ಲವಲ್ಲ ಎಂದು ಕೇಳಿದ್ದಕ್ಕೆ ಫೋನಿನಲ್ಲಿ ಆ ಮನುಷ್ಯ ಗಿರಾಕಿ ಹೊಗಳುತ್ತಿದ್ದಾನೆ ಎಂದೇ ತಿಳಿದು ಹುರುಪಿನಿಂದ ಹೇಳಿದ. "ಮಾಸೋದೇ ಇಲ್ಲ ಆಚಾರ್ರೆ. ಮೇಲೆ ತೆಳುವಾಗಿ ಬಿಳಿ ಹೊಳಪು, ಅದರ ಕೆಳಗೆ ನಿಕ್ಕಲ್ ಒಂದು ಕೋಟು. ಅದಿಲ್ದೆ ನಿಲ್ಲಲ್ಲ. ನೀವು ಗಟ್ಟಿಮುಟ್ಟಾಗಿ ಇರ್ಲಿ ಅಂದಿದ್ರಲ್ಲ, ನಾನೇ ಒಂದು ಕೋಟು ಜಾಸ್ತಿ ಹಾಕಿದೀನಿ."

ವೆಂಕಟೇಶಾಚಾರ್ ನಿಧಾನವಾಗಿ ಕೂತರು.

"ದಿನಾ ಉಜ್ಜಿ ಉಜ್ಜಿ ಮ್ಯಾಲಿನ ಹೊಳಪು ಸವೆದದೆ, ನಿಕ್ಕಲ್ಲು ಬೆರಳಿಗೆ ತಗುಲದೆ" ಎಂದರು ದೊಡ್ಡಮ್ಮ ಮೆತ್ತಗೆ. "ನಿಮ್ಮ ಕಸುಬಲ್ಲಿ ಒಳಗೆ ಏನದೆ ಅನ್ನೋದೇ ಮುಖ್ಯ, ಮ್ಯಾಲಿಂದು ಲೆಕ್ಕಕ್ಕಿಲ್ಲ. ಅದ್ಕೇ ತಂತಿ ಒಳಗೆ ಲೋಹ ಕಂಡು ಮೋಸ ಅಂದ್ರಿ. ಪಟ್ಟಿ ಒಳಗೆ ಬೆಳ್ಳಿ ಇದ್ದುದ್ಕೆ ನಿಶ್ಚಿಂತೆಯಾಗಿದ್ರಿ. ಮಗೀನ ಚರ್ಮ ಒರೆಗಲ್ಲಲ್ಲ ಆಚಾರ್ರೆ. ಅದು ಮುಟ್ಟೋದು ಮ್ಯಾಲಿಂದ್ನೇ."

ಲಲಿತಮ್ಮ ಗಂಡನನ್ನು ನೋಡಿದ ನೋಟವನ್ನು ನಾನು ಬರೆಯಲಾರೆ. ಹೇಮಂತನ ಕಡೆ ತಿರುಗಿ, "ಕಾಫಿ ಕುಡೀತೀಯಾಪ್ಪ?" ಎಂದರು. ಅವರ ಮಟ್ಟಿಗೆ ಅದೇ ಕ್ಷಮಾಪಣೆ. ಅವನು ಎರಡು ಲೋಟ ಕುಡಿದ.

ವೆಂಕಟೇಶಾಚಾರ್ ಮಗಳ ಹೆಬ್ಬೆರಳನ್ನು ಒಡವೆಯಂತೆ ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. "ನನ್ ಮೇಲೆ ಕಂಪ್ಲೇಂಟ್ ಕೊಡ್ತೀಯೇನಮ್ಮ?"

"ಕೊಡ್ತೀನಿ. ಮೊದ್ಲು ಸ್ಕೂಟರ್ ತೆಗಿ. ದಪ್ಪ ತಂತಿ ಬೇಕು, ಮೈಸೂರು ಅಂಗಡಿ ಊಟಕ್ಕೆ ಮುಚ್ಚುತ್ತೆ."

ನಾನು ಮೋಹನ್ ಕುಮಾರ್‌ಗೆ ಫೋನು ಮಾಡಿ ಬರ್ತಾಳೆ ಎಂದೆ. "ಗ್ಯಾರಂಟಿ?" ಎಂದರು. ದೊಡ್ಡಮ್ಮ ಫೋನು ಕಿತ್ತುಕೊಂಡು, "ಹೆಡ್ ಕಾನ್‌ಸ್ಟೇಬಲ್ ಗ್ಯಾರಂಟಿ" ಎಂದು ಕಟ್ ಮಾಡಿದರು.

ಮೈಸೂರಿನ ಅಂಗಡಿಯಲ್ಲಿ ಜಗಳ ಆಡಲು ಹೊರಟಿದ್ದ ಮನುಷ್ಯ ಎಷ್ಟು ವಿನಯದಿಂದ ಕೂತಿದ್ದರೆಂದರೆ ಅಂಗಡಿಯವರಿಗೇ ಮುಜುಗರ. ಒಂಟಿ ತಂತಿ ಸಿಗುವುದಿಲ್ಲ, ಪೂರ್ತಿ ಸೆಟ್ಟೇ ಕೊಳ್ಳಬೇಕು ಎಂದರು. ಅದೇ ಕರಿ ನೈಲಾನಿನಲ್ಲಿ ಎರಡು ಕಂಪನಿಯವು ಇದ್ದವು. ವೆಂಕಟೇಶಾಚಾರ್ ಕಣ್ಣು ಮುಚ್ಚಿ ಎರಡರ ಮೇಲೂ ತೋರುಬೆರಳು ಎಳೆದರು. ಒಂದನ್ನು ಪಕ್ಕಕ್ಕಿಟ್ಟು, "ಇದರಲ್ಲಿ ನೈಲಾನ್ ಪಟ್ಟಿಯ ಅಂಚು ಒಂದು ಕೂದಲಷ್ಟು ಎದ್ದಿದೆ" ಎಂದರು. ಹರ್ಷಿತ ಮುಟ್ಟಿ ನೋಡಿದಳು, ನಾನು ಮುಟ್ಟಿ ನೋಡಿದೆ. ಏನೂ ಗೊತ್ತಾಗಲಿಲ್ಲ. ಅಂಗಡಿಯವರು ಮಸೂರ ಹಿಡಿದು ನೋಡಿ ಸುಮ್ಮನೆ ಎರಡನೆಯದನ್ನು ಕಟ್ಟಿಕೊಟ್ಟರು. ಮನೆಗೆ ಬಂದವರೇ ವೆಂಕಟೇಶಾಚಾರ್ ಬೆಳ್ಳಿಪಟ್ಟಿ ಬಿಚ್ಚಿ, ಅದೇ ಅಳತೆಗೆ ಬೀಟೆಮರದ ಚೂರೊಂದನ್ನು ಉಜ್ಜಿ ಕೂಡಿಸಿದರು. ಹೊಳಪು ಕೊಡಲಿಲ್ಲ.

ಸಂಜೆ ನಾಗಮಂಗಲದ ಛತ್ರದಲ್ಲಿ ಮೊದಲ ಹಾಡಿಗೆ ನಾನು ಕೋಲು ತಟ್ಟಿ ಎಣಿಸಿದೆ. ಬೇಸ್ ಶುರುವಾಯಿತು. ಕೀಬೋರ್ಡಿನಿಂದ ಬರುವುದು ಸದ್ದು. ಇದು ಎದೆಯ ಗೂಡಿನೊಳಗೆ ಯಾರೋ ನಡೆದುಬಂದ ಹಾಗೆ, ದುಂಡಗೆ, ಬೆಚ್ಚಗೆ. ಹೇಮಂತ ಎಡಗೈಯನ್ನು ಜೇಬಿಗಿಟ್ಟು ರಾಜನಂತೆ ನಿಂತಿದ್ದ. ಮೂರನೇ ಹಾಡಿಗೆ ಮೋಹನ್ ಕುಮಾರ್ ಮೈಕು ಕೆಳಗಿಳಿಸಿ, "ಮುಂದಿನ ತಿಂಗಳು ಮೇಲುಕೋಟೆ ಕಡೆ ಎರಡು ಮದುವೆ ಇದಾವೆ, ಬೇರೆ ಏನೂ ಒಪ್ಕೋಬೇಡಮ್ಮ" ಎಂದು ಹರ್ಷಿತಳ ಕಿವಿಯ ಹತ್ತಿರ ಹೇಳಿದ್ದು ನನಗೂ ಕೇಳಿಸಿತು.

ವೆಂಕಟೇಶಾಚಾರ್ ದಂಪತಿ ಮುಂದಿನ ಸಾಲಿನಲ್ಲಿದ್ದರು. ಅಕ್ಕಸಾಲಿಯಾದವನು ಆರತಕ್ಷತೆಗೆ ಹೋದರೆ ಕಣ್ಣು ಮೊದಲು ಓಡುವುದು ವಧುವಿನ ಕತ್ತಿಗೆ. ಯಾವ ಕೆಲಸ, ಎಷ್ಟು ತೂಕ, ಎಲ್ಲಿ ಮಾಡಿಸಿದ್ದು, ಕೂತಲ್ಲೇ ಲೆಕ್ಕ. ಊಟದ ಪಂಕ್ತಿಯಲ್ಲಿ ಲಲಿತಮ್ಮ ಗಂಡನನ್ನು ಕೇಳಿದರು.

"ಮದುವೆ ಹೆಣ್ಣಿಗೆ ಹಾಕಿದ ಆ ಸರ ನೋಡಿದ್ರಾ? ಕೆತ್ತನೆ ಹೆಂಗಿದೆ?"

ಅವರು ಪಕ್ಕದಲ್ಲಿ ಕೂತಿದ್ದ ಮಗಳ ಹೆಬ್ಬೆರಳನ್ನೇ ನೋಡುತ್ತಾ ಹೋಳಿಗೆ ಮುರಿದರು.

"ಸರ ಹಾಕಿದ್ರಾ? ನಾನು ಆ ಕಡೆ ನೋಡ್ಲೇ ಇಲ್ಲ ಕಣೆ."